ಮೊದಲ ನಾಲ್ಕು ತುತ್ತು

ಮಧ್ಯಾಹ್ನ ಹನ್ನೆರಡು ದಾಟುತ್ತಿದ್ದಂತೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಡೇಕೇರ್‌ಗಳಲ್ಲಿ ಡಬ್ಬಿಗಳು ತೆರೆದುಕೊಳ್ಳುತ್ತವೆ. ಒಂದರಲ್ಲಿ ಮೊಸರನ್ನ, ಇನ್ನೊಂದರಲ್ಲಿ ತುಪ್ಪದ ಪೊಂಗಲ್, ಮತ್ತೊಂದರಲ್ಲಿ ಹಾಲಿನಲ್ಲಿ ನೆನೆಸಿದ ಚಪಾತಿ, ಮಗದೊಂದರಲ್ಲಿ ಕಿಚಡಿ. ಒಂದೂವರೆ ವರ್ಷ ದಾಟಿದ ಮಕ್ಕಳು ಸಾಲಾಗಿ ಕೂತು ಅರ್ಧ ಬಾಯಿಗೆ, ಅರ್ಧ ನೆಲಕ್ಕೆ ಹಾಕಿಕೊಂಡು ಉಣ್ಣುತ್ತಾರೆ. ಇಂಥ ಸಾಲುಗಳ ಕೊನೆಯಲ್ಲಿ ಎಷ್ಟೋ ಸಲ ಒಂದು ಮಗು ಮಾತ್ರ ಆಯಾಳ ತೊಡೆಯ ಮೇಲಿರುತ್ತದೆ. ವಯಸ್ಸು ಉಳಿದವರದೇ, ಗಾತ್ರ ಮಾತ್ರ ಚಿಕ್ಕದು. ಅಥವಾ ಕೂರುವುದು, ನಿಲ್ಲುವುದು, ನಡೆಯುವುದು ಎಲ್ಲವೂ ಒಂದಿಷ್ಟು ತಡವಾಗಿ ಬಂದ ಮಗು. “ಇವನು ಸಣ್ಣೋನು, ತಾನೇ ತಿಂದ್ರೆ ಹೊಟ್ಟೆಗೇನೂ ಹೋಗಲ್ಲ” ಎಂಬುದು ಆಯಾಳ ಆತಂಕ. ಬೆಳಿಗ್ಗೆ ಬಿಟ್ಟುಹೋಗುವಾಗ ತಾಯಿ ಹೇಳುವುದೂ ಹೆಚ್ಚುಕಡಿಮೆ ಅದನ್ನೇ: “ಅಕ್ಕಾ, ಡಬ್ಬಿ ಖಾಲಿ ಆಗೋ ಹಾಗೆ ನೋಡ್ಕೊಳ್ಳಿ.”

ಇಬ್ಬರ ಕಾಳಜಿಯೂ ಅಪ್ಪಟ. ಆದರೆ ಅದರಿಂದ ಆಗುವುದೇನೆಂದರೆ, ಯಾವ ಮಗುವಿಗೆ ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕೋ ಅದಕ್ಕೇ ಎಲ್ಲರಿಗಿಂತ ಕಡಿಮೆ ಸಿಗುತ್ತದೆ. ಹೊಟ್ಟೆ ತುಂಬಿಸುವುದು ಒಂದು ಕೆಲಸ, ಕೈಗೆ ಊಟ ಕಲಿಸುವುದು ಬೇರೊಂದು ಕೆಲಸ. ಒಂದೇ ಊಟದಲ್ಲಿ ಎರಡಕ್ಕೂ ಜಾಗ ಮಾಡಿಕೊಡಬಹುದು. ಅದು ಹೇಗೆ ಎಂಬುದಕ್ಕೆ ವಿಜ್ಞಾನ ಸಾಕಷ್ಟು ಉತ್ತರ ಕೊಟ್ಟಿದೆ.

ಚಮಚದಿಂದ ತಿನ್ನುವುದು ಎಷ್ಟು ಕಷ್ಟದ ಕೆಲಸ ಎಂಬುದನ್ನು ದೊಡ್ಡವರಾದ ನಾವು ಮರೆತಿದ್ದೇವೆ. ಕೆವಿನ್ ಕೊನೊಲಿ ಮತ್ತು ಮೇರಿ ಡಾಲ್ಗ್ಲೀಶ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದರಿಂದ ಎರಡು ವರ್ಷದೊಳಗಿನ ಮಕ್ಕಳು ಊಟ ಮಾಡುವ ರೀತಿಯನ್ನು ತಿಂಗಳುಗಟ್ಟಲೆ ಗಮನಿಸಿ, 1989ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಮೊದಲು ಮಗು ಚಮಚವನ್ನು ಬಟ್ಟಲಿಗೆ ಕುಟ್ಟುತ್ತದೆ, ಇಲ್ಲವೇ ಬಾಯಲ್ಲಿಟ್ಟು ತೆಗೆಯುತ್ತದೆ. ಎರಡೂ ಬಿಡಿಬಿಡಿ ಕೆಲಸಗಳು. ಆಮೇಲೆ ಅವೆರಡನ್ನು ಜೋಡಿಸುತ್ತದೆ: ಬಟ್ಟಲಿಗೆ ಅದ್ದು, ಬಾಯಿಗೆ ತಾ. ಆದರೆ ಚಮಚದಲ್ಲಿ ಏನೂ ಇರುವುದಿಲ್ಲ. ಮೂರನೇ ಹಂತದಲ್ಲಿ ಚಮಚದಲ್ಲಿ ಒಂದಿಷ್ಟು ಊಟ ಬರತೊಡಗುತ್ತದೆ. ಕೊನೆಯದರಲ್ಲಿ ಮಗು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಚಮಚ ತುಂಬಿದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ಮತ್ತೆ ಬಟ್ಟಲಿಗೆ ಹೋಗುತ್ತದೆ.

ಈ ಎರಡನೇ ಹಂತವನ್ನು, ಖಾಲಿ ಚಮಚದ ಹಂತವನ್ನು, ಡೇಕೇರಿನವರೂ ಮನೆಯವರೂ ಚೆನ್ನಾಗಿ ನೆನಪಿಡಬೇಕು. ಚುರುಕಾದ ಮಗು ಇದನ್ನು ಬೇಗ ದಾಟಿಬಿಡುವುದರಿಂದ ನಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲ. ನಿಧಾನವಾಗಿ ಬೆಳೆಯುವ ಮಗು ಅಲ್ಲಿ ಬಹಳ ದಿನ ನಿಲ್ಲಬಹುದು. ಖಾಲಿ ಚಮಚವನ್ನು ಮತ್ತೆ ಮತ್ತೆ ಬಾಯಿಗಿಡುವುದನ್ನು ನೋಡಿದ ದೊಡ್ಡವರು, ಇದಕ್ಕೆ ಬರುವುದಿಲ್ಲ ಎಂದು ತೀರ್ಮಾನಿಸಿ ಚಮಚ ಕಸಿದುಕೊಳ್ಳುತ್ತಾರೆ. ಮಗು ಅಲ್ಲಿ ಸೋಲುತ್ತಿರಲಿಲ್ಲ, ಕಲಿಯುತ್ತಿತ್ತು. ಕೈ ದಾರಿಯನ್ನು ಕಲಿತಾಗಿತ್ತು, ಹೊರೆ ಹೊರುವುದಷ್ಟೇ ಬಾಕಿ ಇತ್ತು.

1999ರ ಇನ್ನೊಂದು ಪ್ರಯೋಗವೂ ಇದೇ ಕಡೆ ಬೆರಳು ತೋರುತ್ತದೆ. ಅಮೆರಿಕದ ಮೆಕಾರ್ಟಿ ಮತ್ತು ಸಂಗಡಿಗರು ಊಟವಿದ್ದ ಚಮಚವನ್ನು ಮಕ್ಕಳ ಮುಂದೆ ಅಡ್ಡಲಾಗಿ ಇಟ್ಟರು. ಹಿಡಿ ಕೆಲವು ಸಲ ಎಡಕ್ಕೆ, ಕೆಲವು ಸಲ ಬಲಕ್ಕೆ. ಒಂಬತ್ತು ತಿಂಗಳ ಮಕ್ಕಳು ಹಿಡಿ ಯಾವ ಕಡೆಗಿದೆ ಎಂದು ಲೆಕ್ಕಿಸದೆ ತಮಗೆ ಒಗ್ಗಿದ ಕೈಯನ್ನೇ ಚಾಚಿದರು. ಹಾಗಾಗಿ ಕೆಲವು ಸಲ ಊಟವಿದ್ದ ತುದಿಯನ್ನೇ ಹಿಡಿದರು, ಕೆಲವು ಸಲ ಹಿಡಿಯನ್ನೇ ಬಾಯಿಗಿಟ್ಟುಕೊಂಡರು. ಹತ್ತೊಂಬತ್ತು ತಿಂಗಳ ಮಕ್ಕಳು ಕೈ ಚಾಚುವ ಮೊದಲೇ ಯಾವ ಕೈ ಎಂದು ನಿರ್ಧರಿಸುತ್ತಿದ್ದರು. ನಡುವಿನ ಹತ್ತು ತಿಂಗಳಲ್ಲಿ ಬೆಳೆದದ್ದು ಬೆರಳಿನ ಶಕ್ತಿ ಒಂದೇ ಅಲ್ಲ, ಮುಂದೇನು ಮಾಡಬೇಕೆಂದು ಮೊದಲೇ ಯೋಚಿಸುವ ಶಕ್ತಿಯೂ ಬೆಳೆದಿತ್ತು. ಆ ಯೋಜನೆ ತಪ್ಪು ಮಾಡಿ ಮಾಡಿಯೇ ಬರುವಂಥದ್ದು. ನಡಿಗೆ ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಕ್ಯಾರೆನ್ ಅಡಾಲ್ಫ್ ಅವರ ತಂಡ 2012ರಲ್ಲಿ ಕೊಟ್ಟ ಲೆಕ್ಕ ನೋಡಿ: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಬೀಳುವಿಕೆ. ನಡೆಯಲು ಇಷ್ಟೊಂದು ಅಭ್ಯಾಸ ಬೇಕಾದ ಮಗುವಿಗೆ ಉಣ್ಣಲು ಮಾತ್ರ ದಿನಕ್ಕೆ ನಾಲ್ಕಾರು ಪ್ರಯತ್ನ ಸಾಕಾದೀತೇ?

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಚಿಕ್ಕದಾಗಿರುವುದು ಬೇರೆ, ನಿಧಾನವಾಗಿರುವುದು ಬೇರೆ. ಒಂದೂವರೆ ವರ್ಷದ ಹೆಣ್ಣುಮಗುವಿನ ತೂಕ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ನಡುಮಟ್ಟಕ್ಕೆ 10.2 ಕೆ.ಜಿ. ಅದು 8.1 ಕೆ.ಜಿ.ಗಿಂತ ಕೆಳಗಿಳಿದರೆ ಕಡಿಮೆ ತೂಕ ಎನ್ನುತ್ತಾರೆ. ಎಂಟೂವರೆ ಕಿಲೋ ಇರುವ ಮಗುವಿನ ಬೆರಳು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿರಬಹುದು. ಹನ್ನೊಂದು ಕಿಲೋದ ಮಗುವಿಗೆ ಚಮಚ ಹಿಡಿಯುವುದು ಇನ್ನೂ ಬಾರದಿರಬಹುದು. ಅದೇ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿದಾಗ, ಯಾರ ಆಸರೆಯೂ ಇಲ್ಲದೆ ನಡೆಯುವ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿತ್ತು. ಅಷ್ಟು ಅಗಲವಾದ ಬಾಗಿಲು ಅದು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ಲೆಕ್ಕವನ್ನೇ ಬದಲಿಸಬೇಕು. ಎರಡು ತಿಂಗಳು ಮುಂಚೆ ಹುಟ್ಟಿ ಈಗ ಹದಿನಾಲ್ಕು ತಿಂಗಳಾಗಿದ್ದರೆ, ಕೌಶಲದ ದೃಷ್ಟಿಯಿಂದ ಅದನ್ನು ಹನ್ನೆರಡು ತಿಂಗಳ ಮಗು ಎಂದೇ ನೋಡಬೇಕು. ಡೇಕೇರಿನ ದಾಖಲಾತಿ ಅರ್ಜಿಯಲ್ಲಿ ಹುಟ್ಟಿದ ದಿನಾಂಕ ಕೇಳುತ್ತಾರೆ. ಎಷ್ಟು ವಾರಕ್ಕೆ ಹುಟ್ಟಿತು ಎಂದು ಕೇಳುವ ಒಂದು ಸಾಲೂ ಅಲ್ಲಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಚಿಕ್ಕ ಮಕ್ಕಳು ನಮ್ಮಲ್ಲಿ ಅಪರೂಪವೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ರಕ್ತಹೀನತೆ ಇರುವವರು ಶೇ. 65.5. ರಕ್ತ ಕಡಿಮೆ ಇರುವ ಮಗುವಿಗೆ ಹಸಿವೂ ಕಡಿಮೆ, ಬೇಗ ದಣಿವು. ಊಟದ ನಡುವೆ ಚಮಚ ಕೆಳಗಿಟ್ಟು ಗೋಡೆಗೆ ಒರಗುವ ಮಗುವನ್ನು ಸೋಮಾರಿ ಎನ್ನುವ ಮೊದಲು ಅದರ ಹಿಮೋಗ್ಲೋಬಿನ್ ಎಷ್ಟಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ಕಲಿಸುವ ಕೆಲಸಕ್ಕೆ ಬರೋಣ. ಅದು ಕೈಯಿಂದಲ್ಲ, ಸೊಂಟದಿಂದ ಶುರುವಾಗುತ್ತದೆ. ಬೆನ್ನು, ಸೊಂಟ ಭದ್ರವಾಗಿ ನಿಂತರೆ ಮಾತ್ರ ಕೈಗಳು ಬಿಡುವಾಗುತ್ತವೆ. ವಾಲುವ ಮಗು ಬೀಳದಿರಲೆಂದು ಒಂದು ಕೈಯನ್ನು ನೆಲಕ್ಕೆ ಊರುತ್ತದೆ, ಇನ್ನೊಂದರಲ್ಲಿ ಚಮಚ ಹಿಡಿದರೆ ಬಟ್ಟಲು ಹಿಡಿಯುವವರು ಯಾರು? ಡೇಕೇರ್‌ಗಳಲ್ಲಿ ಎಲ್ಲರಿಗೂ ಒಂದೇ ಅಳತೆಯ ಪ್ಲಾಸ್ಟಿಕ್ ಕುರ್ಚಿ ಇರುವುದೇ ಹೆಚ್ಚು. ಚಿಕ್ಕ ಮಗುವಿಗೆ ಅದು ದೊಡ್ಡದು. ಕಾಲು ಗಾಳಿಯಲ್ಲಿ ತೂಗುತ್ತದೆ, ಮೇಜು ಗಲ್ಲದ ಮಟ್ಟಕ್ಕೆ ಬರುತ್ತದೆ. ಕಾಲ ಕೆಳಗೊಂದು ಮಣೆ, ಬೆನ್ನ ಹಿಂದೆ ಮಡಿಸಿದ ದುಪ್ಪಟಿ, ಎರಡೂ ಪಕ್ಕಕ್ಕೆ ಸುರುಳಿ ಸುತ್ತಿದ ಟವೆಲ್ ಇಟ್ಟರೆ ಸಾಕು. ಸೊಂಟ, ಮಂಡಿ, ಪಾದ ಮೂರೂ ಲಂಬಕೋನದಲ್ಲಿರಬೇಕು, ಮೇಜು ಮೊಣಕೈ ಮಟ್ಟಕ್ಕಿರಬೇಕು. ನೆಲದ ಮೇಲೆ ಪಂಕ್ತಿ ಕೂರಿಸುವ ಕಡೆ ಮಗುವಿನ ಬೆನ್ನು ಗೋಡೆಗೆ ತಾಗಲಿ, ತಟ್ಟೆ ಒಂದು ಮಣೆಯ ಮೇಲೇರಲಿ. ದುಬಾರಿ ಸಾಮಾನು ಕೊಳ್ಳುವ ಮೊದಲು ಇಷ್ಟು ಮಾಡಿ ನೋಡಬೇಕು.

ತಟ್ಟೆ ಜಾರದಿರಲು ಕೆಳಗೊಂದು ಒದ್ದೆ ಬಟ್ಟೆ ಹಾಸಿ. ಚಪ್ಪಟೆ ತಟ್ಟೆಗಿಂತ ನೇರ ಅಂಚಿನ ಸ್ಟೀಲ್ ಬಟ್ಟಲು ಮೇಲು, ಏಕೆಂದರೆ ತಳ್ಳಿಕೊಂಡು ಹೋದ ಅನ್ನ ಅಂಚಿಗೆ ಬಡಿದು ತಾನಾಗಿ ಚಮಚ ಏರುತ್ತದೆ. ಚಮಚ ಗಿಡ್ಡದಿರಲಿ, ಅದರ ಗುಳಿ ಆಳವಿರದಿರಲಿ, ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಒಳಲೆಯಿಂದ ಹಾಲು ಕುಡಿದು ಬೆಳೆದ ಮಗು ನೀರಿಗೆ ನೇರವಾಗಿ ಪುಟ್ಟ ಸ್ಟೀಲ್ ಲೋಟಕ್ಕೇ ಬರಬಹುದು. ಲೋಟದ ತಳದಲ್ಲಿ ಎರಡು ಗುಟುಕು ಮಾತ್ರ ಇರಲಿ.

ಚಮಚಕ್ಕಿಂತ ಮೊದಲು ಬೆರಳು ಬರುತ್ತದೆ. ಕೈಯಲ್ಲೇ ಉಣ್ಣುವ ನಮ್ಮಂಥವರಿಗೆ ಇದೊಂದು ದೊಡ್ಡ ಅನುಕೂಲ. ಅಂಗೈಯಿಂದ ಬಾಚುವ ಮಗುವಿಗೆ ಬೆರಳುದ್ದ ಸೀಳಿದ ಇಡ್ಲಿ, ಬೆಂದು ಮೆತ್ತಗಾದ ಕ್ಯಾರೆಟ್, ಬಾಳೆಹಣ್ಣಿನ ಸೀಳು ಬೇಕು. ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಚಿವುಟಲು ಬಂದ ಮೇಲೆ ಚೂರುಗಳು ಸಾಕು. ಚಳಿಗಾಲದ ಬೆಂಗಳೂರಿನಲ್ಲಿ ಹಿದುಕಿದ ಅವರೆಬೇಳೆಯನ್ನು ಮೆತ್ತಗೆ ಬೇಯಿಸಿ ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ ಕೊಟ್ಟರೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಬೇಕಿಲ್ಲ. ವಯಸ್ಸು ನೋಡಿ ಊಟದ ಆಕಾರ ನಿರ್ಧರಿಸಬೇಡಿ, ಕೈ ನೋಡಿ ನಿರ್ಧರಿಸಿ.

ಚಮಚಕ್ಕೆ ಬಂದಾಗ ಊಟದ ಹದವೇ ಅರ್ಧ ಗುರು. ತಿಳಿಸಾರಿನ ಅನ್ನ ಚಮಚದಿಂದ ಜಾರುತ್ತದೆ, ಉಪ್ಪಿಟ್ಟು ಉದುರುತ್ತದೆ. ಪೊಂಗಲ್, ಗಟ್ಟಿ ಮೊಸರನ್ನ, ಮೆತ್ತಗೆ ಹಿಸುಕಿದ ಬಿಸಿಬೇಳೆಬಾತ್ ಚಮಚಕ್ಕೆ ಅಂಟಿಕೊಂಡು, ಕೈ ಅರ್ಧ ತಿರುಗಿದರೂ ಬೀಳದೆ ಬಾಯಿ ಸೇರುತ್ತವೆ. ಮಣಿಕಟ್ಟು ತಿರುಗಿಸುವುದು ಇನ್ನೂ ಬಾರದ ಮಗುವಿಗೆ ಈ ಅಂಟೇ ಗೆಲುವು ತಂದುಕೊಡುತ್ತದೆ.

ಇಲ್ಲೊಂದು ತೊಡಕಿದೆ, ಅದರ ಪರಿಹಾರ ನಮ್ಮ ರಾಗಿಯಲ್ಲೇ ಇದೆ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ತೂಕದ ಪ್ರತಿ ಕಿಲೋಗೆ ಸುಮಾರು 30 ಗ್ರಾಂ. ಎಂಟು ಕಿಲೋದ ಮಗುವಾದರೆ 240 ಗ್ರಾಂ, ಅಂದರೆ ಒಂದು ಲೋಟದಷ್ಟು. ಸಾಮಾನ್ಯ ರಾಗಿ ಹಿಟ್ಟಿನ ಗಂಜಿ ಸ್ವಲ್ಪ ಹಿಟ್ಟಿಗೇ ಗಟ್ಟಿಯಾಗಿಬಿಡುತ್ತದೆ. ಅದು ಚಮಚಕ್ಕೇನೋ ಅಂಟುತ್ತದೆ, ಆದರೆ ಅದರೊಳಗೆ ಇರುವುದು ಬಹುಪಾಲು ನೀರು. ಪುಟ್ಟ ಹೊಟ್ಟೆ ತುಂಬುತ್ತದೆ, ಶಕ್ತಿ ಸಾಲುವುದಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಮೊಳಕೆ ರಾಗಿ ಹಾಗೂ ಹೆಸರುಕಾಳಿನಿಂದ ಶಿಶು ಆಹಾರ ತಯಾರಿಸಿ 1982ರಲ್ಲಿ ವರದಿ ಮಾಡಿದರು. ಮೊಳಕೆಯೊಡೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಬಿಸಿಯಾಗುತ್ತಿರುವ ಗಂಜಿಯಲ್ಲಿ ಅದು ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ, ಗಂಜಿ ತೆಳುವಾಗುತ್ತದೆ. ಹಾಗಾಗಿ ಮೊದಲಿನಷ್ಟೇ ಗಟ್ಟಿ ಬೇಕೆಂದರೆ ಹೆಚ್ಚುಕಡಿಮೆ ಎರಡರಷ್ಟು ಹಿಟ್ಟು ಹಿಡಿಯುತ್ತದೆ. ಚಮಚಕ್ಕೆ ಅಂಟುವ ಹದವೂ ಉಳಿಯಿತು, ಪ್ರತಿ ಚಮಚದ ಶಕ್ತಿಯೂ ಹೆಚ್ಚಿತು. ಹತ್ತು ಚಮಚದಲ್ಲಿ ಆರು ಬಾಯಿ ಸೇರಿದರೂ ನಷ್ಟವಿಲ್ಲ.

ನಮ್ಮ ಅಜ್ಜಿಯರು ರಾಗಿ ಸರಿ ಮಾಡುತ್ತಿದ್ದ ಕ್ರಮದಲ್ಲಿ ಈ ರಸಾಯನಶಾಸ್ತ್ರ ಪೂರ್ತಿ ಅಡಗಿದೆ: ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿತ ಮಾಡುವುದು. ಹೆಚ್ಚು ಹುರಿದರೆ ಕಿಣ್ವ ಸಾಯುತ್ತದೆ. ಬೇಯಿಸುವಾಗಲೂ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಅಂಶ ಮೊಳಕೆಯಿಂದ ಕಡಿಮೆಯಾಗುತ್ತದೆ. ರಾಗಿಯೂ ಸೇರಿದಂತೆ ಸಿರಿಧಾನ್ಯಗಳ ಸಂಶೋಧನೆ ದಶಕಗಳಿಂದ ನಡೆದಿರುವ ಕೃಷಿ ವಿಶ್ವವಿದ್ಯಾಲಯ ಜಿ.ಕೆ.ವಿ.ಕೆ. ಇರುವುದು ಹೆಬ್ಬಾಳ–ಯಲಹಂಕದ ರಸ್ತೆಯಲ್ಲೇ. ಅದರ ಸುತ್ತಲಿನ ಡೇಕೇರ್‌ಗಳ ಡಬ್ಬಿಯಲ್ಲಿ ರಾಗಿ ಸರಿ ಇರಬೇಕಾದ ಜಾಗದಲ್ಲಿ ಬಿಸ್ಕತ್ತು ಇರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಈಗ ಊಟದ ಹೊತ್ತಿನ ಕ್ರಮ. ಹಸಿವು ಇನ್ನೂ ಚುರುಕಾಗಿರುವಾಗ, ಮೈ ದಣಿಯುವ ಮುಂಚೆ, ಮೊದಲ ನಾಲ್ಕು ತುತ್ತು ಮಗುವಿನದು. ನಾಲ್ಕೇ ಏಕೆ ಎಂದರೆ ಅದೊಂದು ಆರಂಭ ಅಷ್ಟೇ. ಮುಂದಿನ ವಾರ ಆರಾಗಲಿ, ತಿಂಗಳಿಗೆ ಹತ್ತಾಗಲಿ. ಆಮೇಲೆ ದೊಡ್ಡವರ ಚಮಚ ಬಂದು ಹೊಟ್ಟೆ ತುಂಬಿಸಲಿ, ಮಗುವಿನ ಚಮಚ ಮಾತ್ರ ಅದರ ಕೈಯಲ್ಲೇ ಇರಲಿ. ಹೀಗೆ ಎರಡು ಚಮಚ ಇಟ್ಟುಕೊಂಡರೆ ಕಸಿದುಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಕಲಿಸುವಾಗ ಕೆಲಸದ ಕೊನೆಯ ತುಂಡಿನಿಂದ ಶುರುಮಾಡಿ. ಚಮಚ ತುಂಬುವುದು, ಎತ್ತುವುದು, ತುಟಿಯ ಹತ್ತಿರ ತರುವುದು ನಿಮ್ಮದು, ಬಾಯೊಳಗೆ ಹಾಕಿಕೊಳ್ಳುವುದು ಮಾತ್ರ ಮಗುವಿನದು. ಅದು ಬಂದ ಮೇಲೆ ಎತ್ತುವುದನ್ನೂ ಬಿಟ್ಟುಕೊಡಿ. ತುಂಬಿಕೊಳ್ಳುವುದು ಎಲ್ಲಕ್ಕಿಂತ ಕಷ್ಟ, ಅದು ಕೊನೆಗೆ ಬರಲಿ. ಹೀಗೆ ಮಾಡಿದಾಗ ಪ್ರತಿ ಪ್ರಯತ್ನವೂ ಬಾಯಿಗೆ ರುಚಿ ತಲುಪುವುದರಲ್ಲೇ ಮುಗಿಯುತ್ತದೆ. ಆಸರೆ ಕೊಡುವಾಗ ಮಗುವಿನ ಹಿಂದೆ ಅಥವಾ ಪಕ್ಕದಲ್ಲಿ ಕೂತು ಅದರ ಕೈಯ ಮೇಲೆ ನಿಮ್ಮ ಕೈಯಿಡಿ, ಕೆಲವು ವಾರಗಳ ನಂತರ ಮಣಿಕಟ್ಟಿಗೆ, ಆಮೇಲೆ ಮೊಣಕೈಗೆ ಹಿಂದೆ ಸರಿಯಿರಿ. ಮಗು ಕೈ ಎಳೆದುಕೊಂಡರೆ ಬಲವಂತ ಬೇಡ.

ಎಡಗೈಯಲ್ಲಿ ಚಮಚ ಹಿಡಿದರೆ ಬಲಗೈಗೆ ಬದಲಿಸುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿದೆ. ಹಿರಿಯರಿಗೆ ಬೇಸರವಾಗದಂತೆ ಹೇಳಬೇಕಾದ ಮಾತಿದು: ಈ ವಯಸ್ಸಿನಲ್ಲಿ ಕೈ ಇನ್ನೂ ನಿರ್ಧಾರವಾಗಿರುವುದಿಲ್ಲ. ನಿಧಾನಿ ಮಗು ಕಷ್ಟಪಟ್ಟು ಶುರುಮಾಡಿದ ಯತ್ನವನ್ನು ಮಧ್ಯದಲ್ಲಿ ಬದಲಿಸಿದರೆ ಅದು ಮೊದಲಿಂದ ಶುರುಮಾಡಬೇಕಾಗುತ್ತದೆ. ಕೆಲವು ಸಲ ನಿಲ್ಲಿಸಿಬಿಡುತ್ತದೆ. ಫೋನಿನಲ್ಲಿ ಹಾಡು ಹಾಕಿ ತಿನ್ನಿಸುವುದೂ ಹಾಗೆಯೇ. ಬಾಯಿ ತೆರೆಯುತ್ತದೆ ನಿಜ, ಆದರೆ ಕಣ್ಣು ಚಮಚ ನೋಡುವುದಿಲ್ಲ. ಕಣ್ಣಿಲ್ಲದೆ ಕೈ ಕಲಿಯುವುದಿಲ್ಲ.

“ಇಷ್ಟು ಮಕ್ಕಳಿಗೆ ಇದೆಲ್ಲ ಎಲ್ಲಿ ಸಾಧ್ಯ ಮೇಡಂ?” ಎಂಬುದು ಆಯಾಗಳ ನ್ಯಾಯವಾದ ಪ್ರಶ್ನೆ. ಒಬ್ಬ ಆಯಾ, ಎಂಟು ಮಕ್ಕಳು, ನಲವತ್ತು ನಿಮಿಷ ಎಂದುಕೊಳ್ಳೋಣ. ಒಬ್ಬೊಬ್ಬರಿಗೇ ತಿನ್ನಿಸಿದರೆ ಪ್ರತಿ ಮಗುವಿಗೆ ಸಿಗುವುದು ಐದು ನಿಮಿಷ, ಉಳಿದ ಮೂವತ್ತೈದು ನಿಮಿಷ ಕಾಯುವುದು. ಎಲ್ಲರೂ ಒಟ್ಟಿಗೆ ಕೂತು ತಮ್ಮ ಕೈಲಾದಷ್ಟು ತಿಂದರೆ ಪ್ರತಿ ಮಗುವಿಗೂ ನಲವತ್ತು ನಿಮಿಷ ಸಿಗುತ್ತದೆ, ಆಯಾಳ ಕೈ ನಿಜವಾಗಿ ಬೇಕಾದ ಇಬ್ಬರಿಗೆ ಬಿಡುವಾಗುತ್ತದೆ. ನಿಧಾನಿ ಮಗುವನ್ನು ಚೆನ್ನಾಗಿ ತಿನ್ನುವ ಮಗುವಿನ ಎದುರು ಕೂರಿಸಿ. ಮಕ್ಕಳು ದೊಡ್ಡವರನ್ನು ನೋಡಿ ಕಲಿಯುವಷ್ಟೇ ಚೆನ್ನಾಗಿ ಓರಗೆಯವರನ್ನು ನೋಡಿಯೂ ಕಲಿಯುತ್ತಾರೆ. ಮೊದಲ ಕೆಲವು ವಾರ ನೆಲ ಒರೆಸುವ ಕೆಲಸ ಖಂಡಿತ ಹೆಚ್ಚುತ್ತದೆ. ಆ ಹೆಚ್ಚಿನ ಕೆಲಸಕ್ಕೆ ಸಂಬಳ ಕೊಡುವುದು, ಇನ್ನೊಂದು ಜೊತೆ ಕೈ ಒದಗಿಸುವುದು ಡೇಕೇರ್ ನಡೆಸುವವರ ಹೊಣೆ. ಕಡಿಮೆ ಸಂಬಳಕ್ಕೆ ದುಡಿಯುವ ಹೆಂಗಸಿನ ತಾಳ್ಮೆಯ ಮೇಲೆ ಎಲ್ಲವನ್ನೂ ಹೊರಿಸುವುದು ತಪ್ಪು.

ಹೀಗೆ ಮಾಡಿದರೆ ಮಕ್ಕಳು ಸೊರಗುತ್ತಾರೆಯೇ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಹನಾಜ್ ವಜೀರ್ ಮತ್ತು ಸಂಗಡಿಗರು ಆಗಿನ ಆಂಧ್ರಪ್ರದೇಶದ 60 ಹಳ್ಳಿಗಳಲ್ಲಿ 600 ತಾಯಿ–ಮಗು ಜೋಡಿಗಳ ಜೊತೆ ನಡೆಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಮಗುವಿನ ಸೂಚನೆ ನೋಡಿ ಉಣಿಸುವುದನ್ನೂ ಆಟ ಆಡಿಸುವುದನ್ನೂ ಕಲಿತ ತಾಯಂದಿರ ಮಕ್ಕಳ ಆಹಾರ ಸೇವನೆ ಸುಧಾರಿಸಿತ್ತು, ಮಾನಸಿಕ ಬೆಳವಣಿಗೆಯ ಅಂಕಗಳೂ ಮೇಲಿದ್ದವು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಫ್ರಾನ್ಸೆಸ್ ಅಬೂದ್ ಅವರ ತಂಡ ಇಂಥದೇ ಪಾಠ ಮಾಡಿದಾಗ ಮಕ್ಕಳು ತಾವೇ ತಿಂದ ತುತ್ತುಗಳು ಹೆಚ್ಚಿದವು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಮಾರ್ಗಸೂಚಿಯೂ ಮಗು ಸ್ವತಂತ್ರವಾಗಿ ಉಣ್ಣುವುದಕ್ಕೆ ಒತ್ತಾಸೆಯಾಗಿ ನಿಂತಿದೆ. ಹಾಗೆಂದು ತೂಕ ನೋಡುವುದನ್ನು ಬಿಡುವಂತಿಲ್ಲ. ತಿಂಗಳಿಗೊಮ್ಮೆ ತೂಗಿ ತಾಯಿ ಕಾರ್ಡಿನ ಗೆರೆಯ ಮೇಲೆ ಗುರುತು ಹಾಕಬೇಕು. ಎರಡು ತಿಂಗಳು ಗೆರೆ ಮೇಲೇರದಿದ್ದರೆ ವೈದ್ಯರಿಗೆ ತೋರಿಸಬೇಕು.

ಎಲ್ಲರೂ ಹೆದರುವುದು ಗಂಟಲಿಗೆ ಸಿಕ್ಕಿಕೊಳ್ಳುವುದಕ್ಕೆ. ಓಕರಿಕೆ ಬೇರೆ, ಉಸಿರು ಕಟ್ಟುವುದು ಬೇರೆ. ಮುಖ ಕೆಂಪಾಗಿ, ಸದ್ದು ಮಾಡುತ್ತಾ, ಕೆಮ್ಮುತ್ತಾ ತುತ್ತನ್ನು ಮುಂದಕ್ಕೆ ತಳ್ಳುವ ಮಗು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ, ಆಗ ಬಾಯಿಗೆ ಬೆರಳು ಹಾಕಬಾರದು. ಸದ್ದೇ ಇಲ್ಲದೆ, ಅಳಲಾಗದೆ, ತುಟಿ ನೀಲಿಗಟ್ಟಿದರೆ ಅದು ಅಪಾಯ. ಅಂಥ ಹೊತ್ತಿನ ಪ್ರಥಮ ಚಿಕಿತ್ಸೆಯನ್ನು ಪ್ರತಿ ಆಯಾಳೂ ಕೈಯಾರೆ ಮಾಡಿ ಕಲಿತಿರಬೇಕು. ಇಡಿ ಕಡಲೆಬೀಜ, ಇಡಿ ದ್ರಾಕ್ಷಿ, ಹಸಿ ಕ್ಯಾರೆಟ್, ಪಾಪ್‌ಕಾರ್ನ್ ಈ ವಯಸ್ಸಿನವರಿಗೆ ಬೇಡವೇ ಬೇಡ. ಆದರೆ ಭಯದಿಂದ ಎಲ್ಲವನ್ನೂ ಮಿಕ್ಸಿಗೆ ಹಾಕುವುದೂ ಅಪಾಯವೇ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಲಿನ ದೊಡ್ಡ ಅಧ್ಯಯನವೊಂದರಲ್ಲಿ, ಹತ್ತು ತಿಂಗಳ ನಂತರವೂ ಗಂಟುಗಂಟಾದ ಆಹಾರ ಕಾಣದ ಮಕ್ಕಳು ಮುಂದೆ ಊಟಕ್ಕೆ ಹೆಚ್ಚು ತೊಂದರೆ ಕೊಟ್ಟದ್ದು ಕಂಡುಬಂತು.

ಕೆಲವು ಲಕ್ಷಣಗಳಿದ್ದರೆ ಅಭ್ಯಾಸವಷ್ಟೇ ಸಾಲದು. ಪ್ರತಿ ಊಟಕ್ಕೂ ಕೆಮ್ಮು, ನೀರು ಕುಡಿದ ಮೇಲೆ ಗಂಟಲಲ್ಲಿ ಗುಳುಗುಳು ದನಿ, ಮತ್ತೆ ಮತ್ತೆ ಎದೆ ಸೋಂಕು, ಒಂದೂವರೆ ವರ್ಷದೊಳಗೇ ಒಂದು ಕೈಯನ್ನು ಪೂರ್ತಿ ಬಿಟ್ಟು ಇನ್ನೊಂದನ್ನೇ ಬಳಸುವುದು, ಬರುತ್ತಿದ್ದ ಕೆಲಸ ಮರೆತುಹೋಗುವುದು. ಇವು ಕಂಡರೆ ಸರ್ಕಾರದ ‘ನಮ್ಮ ಕ್ಲಿನಿಕ್’ ಅಥವಾ ಅಂಗನವಾಡಿಯ ಮೂಲಕ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಿಳಿಸಬಹುದು. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ, ಮತ್ತಿಕೆರೆ ಬಳಿಯ ರಾಮಯ್ಯ ಆಸ್ಪತ್ರೆಗಳ ಮಕ್ಕಳ ವಿಭಾಗಕ್ಕೂ ಹೋಗಬಹುದು.

ಯಶವಂತಪುರ, ಪೀಣ್ಯದ ಗಾರ್ಮೆಂಟ್ಸ್ ತಾಯಂದಿರ ಮಕ್ಕಳನ್ನು ಇಲ್ಲಿ ಮರೆಯಬಾರದು. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ಮತ್ತು ಹೆಚ್ಚು ನೌಕರರಿರುವ ಎಲ್ಲ ಸಂಸ್ಥೆಗಳಿಗೂ ಅದನ್ನು ವಿಸ್ತರಿಸಿ, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಬಹುದು ಎಂದಿತು. ಆ ನಾಲ್ಕರಲ್ಲಿ ಒಂದು ಊಟದ ಹೊತ್ತಿಗೆ ಬೀಳುವಂತೆ ಪಾಳಿ ಹೊಂದಿಸಿಕೊಟ್ಟರೆ, ಮಗು ತಾನೇ ತಿನ್ನುವುದನ್ನು ತಾಯಿ ಕಣ್ಣಾರೆ ನೋಡಬಹುದು. ನೋಡಿದ ತಾಯಿ ರಾತ್ರಿ ಮನೆಯಲ್ಲೂ ಚಮಚ ಬಿಟ್ಟುಕೊಡುತ್ತಾಳೆ. ನೋಡದ ತಾಯಿಗೆ ಉಳಿಯುವುದು ಡಬ್ಬಿ ಖಾಲಿಯಾಯಿತೇ ಇಲ್ಲವೇ ಎಂಬ ಒಂದೇ ಅಳತೆ.

ಅದಕ್ಕೆ ಸಂಜೆ ಮಗುವನ್ನು ಒಪ್ಪಿಸುವಾಗ ಆಯಾ ಹೇಳಬೇಕಾದ ಮಾತು ಬದಲಾಗಬೇಕು. “ಪೂರ್ತಿ ತಿಂದ” ಎನ್ನುವುದರ ಜೊತೆಗೆ “ಇವತ್ತು ಚಮಚ ಎರಡು ಸಲ ತಾನೇ ತುಂಬಿಸಿಕೊಂಡ, ಮೊಸರನ್ನ ಗಟ್ಟಿ ಇತ್ತಲ್ಲ, ಬೀಳಲಿಲ್ಲ. ನಾಳೆನೂ ಅಷ್ಟೇ ಗಟ್ಟಿ ಕಳಿಸಿಮ್ಮಾ” ಎಂದರೆ ತಾಯಿಗೆ ಮಗುವಿನ ಕೈ ಎಲ್ಲಿಗೆ ಬಂದಿದೆ ಎಂಬುದು ಗೊತ್ತಾಗುತ್ತದೆ. ಮರುದಿನದ ಡಬ್ಬಿ ಆ ಕೈಗೆ ತಕ್ಕಂತೆ ತಯಾರಾಗುತ್ತದೆ.